ಮಾವನವರ ಕುಣಿ ಮುಚ್ಚಿದ್ದು

ನಮ್ಮ ಕಡೆ ಕುಣಿ ಎಂಬ ಒಂದೇ ಶಬ್ದ ಎರಡು ಕೆಲಸ ಮಾಡುತ್ತದೆ. ನೇಕಾರ ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂಡುವ ತಗ್ಗಿಗೂ ಕುಣಿ ಅನ್ನುತ್ತೇವೆ, ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುವ ತಗ್ಗಿಗೂ ಕುಣಿ ಅನ್ನುತ್ತೇವೆ. ನೇಕಾರರ ಮನೆಗಳಲ್ಲಿ ಇದರಿಂದ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಯಾವ ಕುಣಿ ಎಂಬುದು ಮಾತಿನ ಧಾಟಿಯಲ್ಲೇ ತಿಳಿಯುತ್ತಿತ್ತು. ಒಂದೇ ಒಂದು ಸಲ ಗೊಂದಲವಾಯಿತು. ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಮಾತ್ರ ಆವತ್ತೂ ನಗಲಿಲ್ಲ, ಈಗಲೂ ನಗು ಬರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಸೊಲ್ಲಾಪುರದಲ್ಲಿ. ಎಪ್ಪತ್ತರ ದಶಕದ ಆರಂಭದಲ್ಲಿ ಅಕ್ಕಲಕೋಟೆಯ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಮೆಟ್ರಿಕ್ ಪಾಸಾದ ಸೊಸೆ ಎಂದು ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿಹೋದರು. ಮೆಟ್ರಿಕ್ ಪಾಸಾದವಳಿಗೆ ಸಿಕ್ಕ ನೌಕರಿ ಎಂದರೆ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವುದು. ಲಾಳಿಯೊಳಗೆ ಕೂಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಮಾವನವರು ಪಡಸಾಲೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು, ನಾನು ಗೋಡೆಯ ಬದಿಗೆ ಕುಳಿತು ಅವರ ಲಾಳಿಗೆ ನೂಲು ಒದಗಿಸುತ್ತಿದ್ದೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಮ್ಮವರು ಸೊಲ್ಲಾಪುರದ ಒಂದು ಪವರ್‌ಲೂಮ್ ಕಾರಖಾನೆಯಲ್ಲಿ ಟಾವೆಲ್ ನೇಯುತ್ತಿದ್ದರು. ವಾರದ ಸೂಟಿಗೆ ಎಸ್.ಟಿ. ಬಸ್ಸು ಹಿಡಿದು ಬಂದು, ಒಂದು ದಿನ ಇದ್ದು, ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಉಳಿದ ಆರು ದಿನ ಆ ಮನೆಯಲ್ಲಿ ಮಾವ, ಸೊಸೆ ಮತ್ತು ಮಗ್ಗದ ಸದ್ದು. ಲಾಳಿ ಓಡಿದರೆ ಟಕ್, ಎಳೆ ಒತ್ತುವ ಹಣಿಗೆ ಬಡಿದರೆ ದಬ್. ಆ ಸದ್ದು ನಿಂತರೆ ಕಂಡಿಕೆ ಮುಗಿದಿದೆ ಎಂದು ಅರ್ಥ. ಮಾವನವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ನಾನು ಎದ್ದು ಹೋಗಿ ಕೊಡುತ್ತಿದ್ದೆ.

ಈಗ ಕೈಮಗ್ಗದ ಸೊಬಗಿನ ಬಗ್ಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರನ್ನು ಮಳೆಗಾಲದಲ್ಲಿ ಮೂರು ದಿನ ಆ ಕುಣಿಯಲ್ಲಿ ಕೂಡಿಸಬೇಕು. ತಳದಲ್ಲಿ ತಂಪು ಜಿನುಗುತ್ತಿತ್ತು, ಮಾವನವರ ಮೊಣಕಾಲು ಬಾತುಕೊಳ್ಳುತ್ತಿದ್ದವು, ಕೆಮ್ಮು ಬೇಸಿಗೆಗೂ ಬಿಡುತ್ತಿರಲಿಲ್ಲ. ಹತ್ತು ಹನ್ನೆರಡು ದಿನ ಹೀಗೆ ಕುಳಿತು ಒಂದು ಸೀರೆ ಇಳಿಸಿದರೆ, ಅಂಗಡಿಯವರು ಅದನ್ನು ಬೆರಳಿನಿಂದ ಸವರಿ, ಪಕ್ಕದಲ್ಲಿದ್ದ ಪವರ್‌ಲೂಮ್ ಸೀರೆಯನ್ನು ತೋರಿಸಿ, ಮುಖ ಸಿಂಡರಿಸುತ್ತಿದ್ದರು. ಆ ಮಗ್ಗದಿಂದ ಆ ಮನೆ ಮುಂದೆ ಬರುವಂತಿರಲಿಲ್ಲ. ಇದು ಮಾವನವರಿಗೂ ಗೊತ್ತಿತ್ತು.

ನಮ್ಮವರು ಕಾರಖಾನೆಯ ಮಾಲಕರ ಹತ್ತಿರ ಎರಡು ಹಳೆಯ ಪವರ್‌ಲೂಮ್ ಗೊತ್ತು ಮಾಡಿದರು. ತಂದು ಮನೆಯಲ್ಲೇ ಹೂಡಬೇಕು, ತಾವೂ ಮನೆಗೇ ಬಂದುಬಿಡಬೇಕು ಎಂಬುದು ಅವರ ಲೆಕ್ಕಾಚಾರ. ಜಾಗವೆಂದರೆ ಇದ್ದದ್ದು ಪಡಸಾಲೆ ಒಂದೇ. ಅಲ್ಲಿ ಕುಣಿ ಮುಚ್ಚಿ ನೆಲ ಸಮ ಮಾಡಿ ಕಾಂಕ್ರೀಟು ಹಾಕಿಸಬೇಕಿತ್ತು. ಲೈಟಿನವರು ಶನಿವಾರ ಜಾಗ ನೋಡಲು ಬರುವವರಿದ್ದರು. ನೆಲ ತಯಾರಿದ್ದರೆ ಕನೆಕ್ಷನ್ನಿಗೆ ಬರೆದುಕೊಳ್ಳುತ್ತಾರೆ, ಇಲ್ಲದಿದ್ದರೆ ನಮ್ಮ ಪಾಳಿ ಹಿಂದಕ್ಕೆ ಹೋಗುತ್ತದೆ. ಒಮ್ಮೆ ಹಿಂದಕ್ಕೆ ಹೋದ ಪಾಳಿ ಮತ್ತೆ ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ.

ನನಗೆ ಆಗ ಆರನೆಯ ತಿಂಗಳು. ಅದು ಎರಡನೆಯ ಬಸಿರು. ಮೊದಲನೆಯದು ಉಳಿದಿರಲಿಲ್ಲ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಆ ಹೆರಿಗೆ ಅಕ್ಕಲಕೋಟೆಯಲ್ಲೇ ಆಗಿತ್ತು. ನೋವು ಶುರುವಾದಾಗ ಮನೆಯಲ್ಲಿ ಮಾವನವರೊಬ್ಬರೇ. ಗಂಡಸಾದ ಅವರು ಯಾರ ಬಾಗಿಲು ಬಡಿಯಬೇಕೆಂದು ತಿಳಿಯದೆ ಓಣಿಯಲ್ಲಿ ಹಿಂದೆ ಮುಂದೆ ಓಡಾಡಿದರು. ನಮ್ಮವರಿಗೆ ಸುದ್ದಿ ಮುಟ್ಟಿ ಅವರು ಎಸ್.ಟಿ. ಹಿಡಿದು ಬರುವಷ್ಟರಲ್ಲಿ ಕೂಸಿಗೆ ಸಣ್ಣದೊಂದು ಕುಣಿ ತೋಡಿ ಮುಚ್ಚಿಯೂ ಆಗಿತ್ತು. ಅವರು ಕೂಸಿನ ಮುಖ ನೋಡಲಿಲ್ಲ. ಅಂದಿನಿಂದ ನನಗಿದ್ದದ್ದು ಒಂದೇ ಹಟ. ಈ ಸಲ ಹೆರುವಾಗ ಗಂಡ ಮನೆಯಲ್ಲಿರಬೇಕು. ಮಗ್ಗ ಯಾವುದು ಬರುತ್ತದೆ, ಯಾವುದು ಹೋಗುತ್ತದೆ ಎಂಬುದು ನನಗೆ ಬೇಕಾಗಿರಲಿಲ್ಲ.

ನಮ್ಮವರಿಗೂ ಮಾವನವರಿಗೂ ಜಗಳವೇನೂ ಇರಲಿಲ್ಲ. ಆದರೆ ಅಪ್ಪ ಮಗ ಎದುರುಬದುರು ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕಾದರೆ ನಡುವೆ ಒಬ್ಬ ಹೆಂಗಸು ಬೇಕು. ಮೊದಲು ಅತ್ತೆ ಇದ್ದರು, ಆಮೇಲೆ ನಾನು. ಊಟಕ್ಕೆ ಕೂತಾಗ ಎದುರಿಗಿದ್ದ ಮಗನಿಗೆ ಇನ್ನೊಂದು ರೊಟ್ಟಿ ಬೇಕೇ ಎಂಬುದನ್ನೂ ಮಾವನವರು ನನ್ನ ಮೂಲಕವೇ ಕೇಳಿಸುತ್ತಿದ್ದರು.

ಆ ವಾರ ಮಾವನವರು ಮಗ್ಗ ನಿಲ್ಲಿಸಿ ನನ್ನನ್ನು ಕರೆದರು. ಮಗ್ಗದ ಮೇಲೆ ಕೆಂಪು ದಡಿಯ ಹಸಿರು ಸೀರೆ ಇತ್ತು.

"ಯವ್ವಾ, ನಾಳಿ ಪ್ಯಾಟಿಗಿ ಹೋಗಿ ಅವಗ ಫೋನ್ ಹಚ್ಚು. ಎಂಟ ದಿನಾ ತಡಿ ಅನ್ನು. ಸೀರಿ ಅರ್ಧಾ ಆಗೇದ. ಇದೊಂದ ಇಳಿಸಿ, ಆಮ್ಯಾಲ ನಾನ ನನ್ನ ಕೈಲೆ ಕುಣಿ ಮುಚ್ಚತೀನಿ."

"ಹೇಳತೀನ್ರಿ," ಎಂದೆ.

ಅವರು ಇನ್ನೊಬ್ಬರಿಂದ ಏನನ್ನಾದರೂ ಬೇಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪೇಟೆಯ ನೂಲಿನ ಅಂಗಡಿಯಲ್ಲಿ ಫೋನಿತ್ತು. ನಮ್ಮವರ ಕಾರಖಾನೆಯ ಪಕ್ಕದಲ್ಲಿದ್ದ ನೂಲಿನ ವ್ಯಾಪಾರಿಗಳ ಪೇಢಿಗೆ ಟ್ರಂಕ್ ಕಾಲ್ ಹಚ್ಚಿದರೆ ಅವರು ಆಳನ್ನು ಕಳಿಸಿ ಕರೆಸುತ್ತಿದ್ದರು. ನಾನು ಸೆರಗು ಹೊದ್ದು ಗಿರಾಕಿಗಳ ನಡುವೆ ಬಹಳ ಹೊತ್ತು ನಿಂತೆ. ಕೊನೆಗೆ ಎಕ್ಸ್‌ಚೇಂಜಿನವರು ಮರಾಠಿಯಲ್ಲಿ "ಸೋಲಾಪೂರ ಲಾಗಲಂಯ, ಬೋಲಾ" ಅಂದರು, ಸೊಲ್ಲಾಪುರ ಹತ್ತಿದೆ, ಮಾತಾಡಿ ಎಂದು. ಆ ಕಾಲದ ಫೋನಿನಲ್ಲಿ ಮಾತಾಡುವುದೆಂದರೆ ಕೂಗುವುದು. ಗಂಡನ ಜೊತೆ ದನಿ ಏರಿಸಿ ಮಾತಾಡಿ ಗೊತ್ತಿಲ್ಲದ ನಾನು ತುಂಬಿದ ಬಜಾರಿನಲ್ಲಿ ಕೂಗಬೇಕಾಗಿತ್ತು.

ಅವರ ದನಿ ಎಲ್ಲೋ ನೆಲದೊಳಗಿಂದ ಬಂದಂತೆ ಬಂತು. "ಶುಕ್ರವಾರ ಗೌಂಡಿ ಬರ್ತಾನ. ಕುಣಿ ಮುಚ್ಚಾಕ ಅಪ್ಪಾ ಏನಂತಾನ?"

ಎಂಟು ದಿನ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡು ಬಂದಿದ್ದೆ. ಅಷ್ಟರಲ್ಲಿ ಹೊಟ್ಟೆಯಲ್ಲಿ ಕೂಸು ಮಿಸುಕಿತು.

"ಹೂಂ ಅಂದಾರ್ರೀ!" ಎಂದು ಕೂಗಿದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದೆ. "ಮಾವಾರು ಹೂಂ ಅಂದಾರ್ರೀ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಸುಳ್ಳಿಗೆ ಅರ್ಧ ಅಕ್ಕಲಕೋಟೆ ಸಾಕ್ಷಿ.

ಶುಕ್ರವಾರ ಮುಂಜಾನೆ ಗೌಂಡಿ ಗುದ್ದಲಿ ಹೆಗಲಿಗೇರಿಸಿ ಬಂದು ನಿಂತಾಗ ಮಾವನವರು ಕುಣಿಯಲ್ಲಿ ಕುಳಿತು ನೇಯುತ್ತಿದ್ದರು. ಗೌಂಡಿ ಹತ್ತಿರದ ಮೈಂದರ್ಗಿಯ ಗಾರೆ ಕೆಲಸದವನು. ನಮ್ಮವರು ಹಿಂದಿನ ದಿನವೇ ಬಂದಿದ್ದರು, ಆಗ ಮಣ್ಣಿನ ಬಂಡಿಯ ಹತ್ತಿರ ಹೊರಗಿದ್ದರು. ಮಗ ಒಪ್ಪಿದ್ದಾನೆಂದುಕೊಂಡು ಮಾವನವರು ಅಲ್ಲಿಯವರೆಗೆ ನನ್ನನ್ನು ಏನೂ ಕೇಳಿರಲಿಲ್ಲ. ಗೌಂಡಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹೇಳಿದ್ಯೇನವ್ವಾ?"

"ಹೇಳೀನ್ರಿ."

"ಏನಂದ?"

ನಾನು ತಲೆ ಬಗ್ಗಿಸಿ ಸೆರಗಿನ ತುದಿ ಹಿಡಿದು ನಿಂತೆ. ಬಾಯಿ ಬಿಡಲಿಲ್ಲ. ಸೊಸೆ ಮಾತಾಡದೆ ನಿಂತಳೆಂದರೆ ಹೇಳಬಾರದ ಉತ್ತರ ಬಂದಿದೆ ಎಂದು ತಾನೇ ಅರ್ಥ? ಅವರು ಹಾಗೆಯೇ ತಿಳಿದರು. ಹಾಗೆ ತಿಳಿಯಲಿ ಎಂದೇ ನಾನು ಸುಮ್ಮನಿದ್ದೆ.

"ಕತ್ರಿ ತಾ," ಅಂದರು.

ಕತ್ತರಿ ತಂದುಕೊಟ್ಟೆ. ಬಿಗಿಯಾಗಿ ಎಳೆದು ಕಟ್ಟಿದ ಹಾಸಿನ ಎಳೆಗಳು ಕತ್ತರಿ ತಾಗಿದಲ್ಲೆಲ್ಲ ಹಿಂದಕ್ಕೆ ಚಿಮ್ಮುತ್ತಿದ್ದವು. ಅವರು ಅವಸರ ಮಾಡದೆ ಈ ಅಂಚಿನಿಂದ ಆ ಅಂಚಿನವರೆಗೆ ಕತ್ತರಿಸಿದರು. ಅರ್ಧ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. ಆಮೇಲೆ ಎರಡೂ ಕೈ ಊರಿ ಕುಣಿಯಿಂದ ಮೇಲೆದ್ದರು. ಮಧ್ಯಾಹ್ನದೊಳಗೆ ಗೌಂಡಿ ಅದನ್ನು ಕಲ್ಲು ಮಣ್ಣು ತುಂಬಿ ದಮ್ಮಸ್ ಹೊಡೆದು ಸಮ ಮಾಡಿದ. ನಮ್ಮವರು ಹುರುಪಿನಿಂದ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಹಾಕಿದರು. ಅಪ್ಪ ಒಪ್ಪಿದ್ದಾರೆ ಎಂಬ ಸಂತೋಷ ಅವರ ಮುಖದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ, ಒಳಗೆ ಹೋಗಿ ಜೋಳದ ಹಿಟ್ಟು ನಾದುತ್ತ ಕುಳಿತೆ.

ಗೊಂದಲವಾದದ್ದು ಮರುದಿನ. ಮಾವನವರ ತಂಗಿಯನ್ನು ಮೈಂದರ್ಗಿಗೆ ಕೊಟ್ಟಿತ್ತು. ಗೌಂಡಿ ಸಂಜೆ ಊರಿಗೆ ಹೋದವನು ಅವರ ಮನೆಯ ಮುಂದೆ ಸೈಕಲ್ಲಿನಿಂದ ಇಳಿಯದೆಯೇ, "ನಿಮ್ಮ ಅಣ್ಣಾರ ಕುಣಿ ಮುಚ್ಚಿ ಬಂದೆ ನೋಡ್ರಿ," ಎಂದು ಹೇಳಿ ಹೋಗಿದ್ದ. ಅವನಿಗೆ ಅದು ಆ ದಿನದ ಕೆಲಸದ ಸುದ್ದಿ. ನೇಕಾರರ ಮಗಳಾಗಿಯೂ ಆಕೆಗೆ ಆ ಹೊತ್ತಿಗೆ ಮಗ್ಗದ ಕುಣಿ ಹೊಳೆಯಲಿಲ್ಲ. ಬಾಳೆಲ್ಲ ಕುಣಿಯಲ್ಲಿ ಕುಳಿತ ಅಣ್ಣ, ಮಗ್ಗದ ಕುಣಿ ಯಾಕೆ ಮುಚ್ಚುತ್ತಾನೆ?

ಬೆಳಗಿನ ಮೊದಲ ಬಸ್ಸಿಗೇ ಆಕೆ ಬಂದರು. ಓಣಿಯ ತುದಿಯಿಂದಲೇ ಅಳು ಕೇಳಿಸಿತು. ಐದಾರು ಹೆಂಗಸರು, ನಡುವೆ ಆಕೆ. ಸೆರಗು ಮುಖಕ್ಕೆ ಒತ್ತಿಕೊಂಡು ಅಂಗಳದಲ್ಲಿ ಕುಸಿದು ಕುಳಿತು ಹಾಡಿಕೊಂಡು ಅಳತೊಡಗಿದರು. ಮಾವನವರು ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಆಕೆ ನೋಡಲಿಲ್ಲ. ಜೊತೆಗಿದ್ದವರು ನೋಡಿದರು, ಒಬ್ಬಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮಾವನವರು ಅವರಿಗೆ ಸುಮ್ಮನಿರಲು ಕೈಸನ್ನೆ ಮಾಡಿದರು.

"ಪಂಚಮಿಗಿ ಹಸರ ಸೀರಿ ನೇಯತೀನಂದ್ಯಲ್ಲೋ ನನ್ನಣ್ಣಾ… ಕೈಲಾಗತನಾ ನಿನಗ ಉಡಸತೀನಂದ್ಯಲ್ಲೋ ನನ್ನಣ್ಣಾ… ನನ್ನ ಸೀರಿ ಮಗ್ಗದ ಮ್ಯಾಲ ಬಿಟ್ಟ ಎದ್ದ್ಯಲ್ಲೋ… ಇನ್ನ ಯಾರ ಮಗ್ಗದ ಸೀರಿ ಉಡಲ್ಯೋ ನನ್ನಣ್ಣಾ…"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಆ ಸೀರೆ ಅಂಗಡಿಗೆ ಮಾರುವುದೆಂದು ತಿಳಿದಿದ್ದೆ. ನಾಗರಪಂಚಮಿಗೆ ನಾನು ಸೊಲ್ಲಾಪುರಕ್ಕೆ ಅಪ್ಪನ ಮನೆಗೆ ಹೋಗುತ್ತಿದ್ದವಳು. ಪ್ರತಿ ವರ್ಷ ಈ ಅಣ್ಣ ಈ ತಂಗಿಗೆ ತನ್ನ ಕೈಯಾರೆ ನೇಯ್ದ ಸೀರೆ ಉಡಿಸುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. ಮಾವನವರು ಕೇಳಿದ ಎಂಟು ದಿನ ಈ ಸೀರೆಗಾಗಿ. ತಿಳಿದಿದ್ದರೆ ಫೋನಿನಲ್ಲಿ ಖರೆ ಹೇಳುತ್ತಿದ್ದೆನೇ? ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳಲು ಇಂದಿಗೂ ಹೆದರಿಕೆ.

ಮಾವನವರು ತಮ್ಮ ಸಾವಿನ ಹಾಡನ್ನು ಕೊನೆಯವರೆಗೆ ಕೇಳಿದರು. ಆಕೆ ಉಸಿರು ತೆಗೆದುಕೊಳ್ಳಲು ನಿಂತಾಗ, "ಗೌಂಡಿ ಖರೇನ ಹೇಳ್ಯಾನ ತಂಗೀ. ಅಳು. ಇನ್ನಷ್ಟ ಅಳು," ಅಂದರು.

ಆಕೆ ಸೆರಗು ತೆಗೆದು ನೋಡಿದರು. ಕಿರುಚಿ ಎದ್ದು ಹೋಗಿ ಅಣ್ಣನ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದರು. ಓಣಿಯಲ್ಲಿ ನಗೆಯೋ ನಗೆ. ಸುಳ್ಳು ಸಾವಿನ ಸುದ್ದಿ ಬಂದರೆ ಆಯುಷ್ಯ ಹೆಚ್ಚುತ್ತದೆಂದು ಯಾರೋ ಸಕ್ಕರೆ ತಂದು ಮಾವನವರ ಬಾಯಿಗೆ ಹಾಕಿದರು. ನಮ್ಮವರು ಲೈಟಿನವರನ್ನು ಕರೆತರಲು ಹೋಗಿದ್ದರಿಂದ ಇದಾವುದನ್ನೂ ನೋಡಲಿಲ್ಲ.

ಎಲ್ಲರೂ ಚಹಾ ಕುಡಿದ ಮೇಲೆ ತಂಗಿ ಮೆಲ್ಲಗೆ ಕೇಳಿದರು. "ಯಣ್ಣಾ, ನನ್ನ ಸೀರಿ?"

"ಅರ್ಧಾ ಆಗಿತ್ತು. ಎಂಟ ದಿನಾ ಕೇಳಿದ್ದೆ, ಮಗಾ ಕೊಡಲಿಲ್ಲ." ಬಟ್ಟಲು ಕೆಳಗಿಟ್ಟು ಅಂದರು, "ಅವನ ಮುಂದ ಆಡಬ್ಯಾಡ ಮತ್ತ. ಸಂಸಾರ ಮುಂದ ತರಬೇಕಂತಾನ, ತರ್ಲಿ."

ಅಡುಗೆಮನೆಯಲ್ಲಿ ನಾನು ಬಟ್ಟಲು ತೊಳೆಯುತ್ತಿದ್ದೆ. ಹೊರಗೆ ಹೋಗಿ ಕಾಲಿಗೆ ಬೀಳಬೇಕಿತ್ತು. ತೊಳೆದ ಬಟ್ಟಲುಗಳನ್ನೇ ಮತ್ತೆ ತೊಳೆದೆ. ಆಕೆ ಒಳಗೆ ಬಂದು, ಗೂಡಿನಲ್ಲಿ ನಾನಿಟ್ಟಿದ್ದ ಆ ಅರ್ಧ ಸೀರೆಯನ್ನು ತೆಗೆದು ನನ್ನ ಮಡಿಲಿಗೆ ಹಾಕಿ, "ಕೂಸಿನ ತೊಟ್ಟಿಲಕ್ಕ ಕಟ್ಟು. ನಮ್ಮಣ್ಣನ ಕೈಯಾಂದು," ಎಂದರು.

ಲೈಟಿನವರು ಶನಿವಾರವೇ ಬಂದು ಬರೆದುಕೊಂಡರು. ಪಂಚಮಿ ಕಳೆದು ಸ್ವಲ್ಪ ದಿನಕ್ಕೆ ಕನೆಕ್ಷನ್ ಬಂತು, ಮಗ್ಗ ಬಂದವು, ಗಂಡ ಮನೆಗೆ ಬಂದರು. ಒಂಬತ್ತು ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ನನಗೆ ನೋವು ಶುರುವಾಯಿತು. ನಮ್ಮವರು ಬೆಲ್ಟಿನ ಪಟ್ಟಾ ತಪ್ಪಿಸಿ ಮಗ್ಗ ನಿಲ್ಲಿಸಿ, ಟಾಂಗಾ ತಂದು, ನನ್ನನ್ನು ಎತ್ತಿ ಕೂಡಿಸಿ ಸರ್ಕಾರಿ ದವಾಖಾನೆಗೆ ಒಯ್ದರು. "ಇನ್ನೊಂದೀಟ ತಡಾ ಆಗಿದ್ರ ಕೂಸು ಕೈಗಿ ಹತ್ತತಿರಲಿಲ್ಲ," ಎಂದು ನರ್ಸಬಾಯಿ ಅಂದರು. ಗಂಡುಕೂಸು. ಈ ಸಲ ಅಪ್ಪನೇ ಮೊದಲು ಮುಖ ನೋಡಿದ. ಆದ್ದರಿಂದ ನಾನು ಮಾಡಿದ್ದು ತಪ್ಪು ಎಂದು ಸಲೀಸಾಗಿ ಅಂದುಬಿಡಲೂ ಬರುವುದಿಲ್ಲ. ಹಾಗೆ ಅಂದುಕೊಂಡರೆ ಮಗ ಎದುರಿಗೆ ಬಂದು ನಿಲ್ಲುತ್ತಾನೆ.

ಬಾಣಂತಿಯ ನೀರಿಗೆ ಕಟ್ಟಿಗೆ ಬೇಕಾಯಿತು. ಮಾವನವರು ಹಿತ್ತಲಿನಲ್ಲಿ ಬಿದ್ದಿದ್ದ ಹಳೆಯ ಮಗ್ಗದ ಮರವನ್ನು ತಾವೇ ಕೊಡಲಿಯಿಂದ ಸೀಳಿ ಒಲೆಯ ಮುಂದೆ ತಂದು ಹಾಕಿದರು. "ಒಳ್ಳೆ ಒಣಗೇದ. ಚೊಲೋ ಕಾವ ಬರ್ತದ," ಅಂದರು. ಆ ನೀರನ್ನು ಮೈಮೇಲೆ ಹೊಯ್ಯಿಸಿಕೊಳ್ಳುವಾಗ ನಾನು ಅತ್ತದ್ದನ್ನು ಎರೆಯುವ ಮುದುಕಿ ಬಾಣಂತಿಯ ಸಂಕಟ ಎಂದುಕೊಂಡಳು.

ಎರಡು ಮಗ್ಗಗಳು ಎಂಥ ಮಗ್ಗಗಳು! ಮಾವನವರು ವಾರವಿಡೀ ಕುಳಿತು ನೇಯುವಷ್ಟು ಬಟ್ಟೆಯನ್ನು ಮಧ್ಯಾಹ್ನದ ಊಟದೊಳಗೆ ಉಗುಳಿಬಿಡುತ್ತಿದ್ದವು. ಮನೆಗೆ ತಗಡಿನ ಪತ್ರಾಸಿನ ಬದಲು ಸ್ಲ್ಯಾಬು ಬಂತು, ನಲ್ಲಿ ಬಂತು, ನನಗೆ ಕಂಡಿಕೆಯಿಂದ ಬಿಡುಗಡೆ ಬಂತು. ಆ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ನನಗೆ ಅದೂ ಅನುಕೂಲವೇ ಆಯಿತು.

ಮಾವನವರು ದಿನವಿಡೀ ಕಟ್ಟೆಯ ಅಂಚಿಗೆ ಕಾಲು ಇಳಿಬಿಟ್ಟು ಕೂಡುತ್ತಿದ್ದರು. ಕಾಲು ಸುಮ್ಮನಿರುತ್ತಿರಲಿಲ್ಲ. ಬಲಗಾಲು ಒತ್ತುವುದು, ಬಿಡುವುದು, ಎಡಗಾಲು ಒತ್ತುವುದು, ಬಿಡುವುದು. ಕೆಳಗೆ ತುಳಿಯಲು ಹಲಗೆ ಇರಲಿಲ್ಲ, ಗಾಳಿ ಇತ್ತು. ಊಟಕ್ಕೆ ಒಳಗೆ ಬಂದಾಗ ಪಡಸಾಲೆಯ ಆ ಜಾಗದ ಮೇಲೆ ಕಾಲಿಡದೆ ಗೋಡೆ ಹಿಡಿದು ಸುತ್ತಿಬಳಸಿ ಬರುತ್ತಿದ್ದರು. ಲೈಟು ಹೋಗಿ ಪವರ್‌ಲೂಮು ನಿಂತರೆ ಮನೆ ಒಮ್ಮೆಲೇ ಸ್ತಬ್ಧವಾಗುತ್ತಿತ್ತು. ಆಗ ನನಗೆ ಕೇಳಿಸುತ್ತಿತ್ತು. ಟಕ್. ದಬ್. ತೊಟ್ಟಿಲ ಹಗ್ಗ ಬಿಟ್ಟು ಓಡಿಬಂದು ನೋಡಿದರೆ ನೆಲ ನೆಲವಾಗಿಯೇ ಇರುತ್ತಿತ್ತು. ನಾನು ಮೆಟ್ರಿಕ್ ಪಾಸಾದವಳು, ದೆವ್ವ ಭೂತ ನಂಬುವವಳಲ್ಲ. ಆದರೆ ಕೇಳಿಸಿದ್ದನ್ನು ಕೇಳಿಸಲಿಲ್ಲ ಎನ್ನಲಾರೆ. ಸದ್ದು ನಿಂತ ಕೂಡಲೇ ಕಂಡಿಕೆ ಮುಗಿಯಿತೆಂದು ನನ್ನ ಕೈ ತಾನಾಗಿ ರಾಟಿ ಹುಡುಕುತ್ತಿತ್ತು. ಮಳೆಗಾಲ ಬಂದರೆ ಕಾಂಕ್ರೀಟು ಬಿರುಕು ಬಿಡುತ್ತಿತ್ತು, ಸರಿಯಾಗಿ ಕುಣಿಯ ನಾಲ್ಕು ಅಂಚಿನಗುಂಟ. ನಮ್ಮವರು ಪ್ರತಿ ವರ್ಷ ಸಿಮೆಂಟು ಬಳಿದು ಮುಚ್ಚುತ್ತಿದ್ದರು. "ಗೌಂಡಿ ಮಣ್ಣ ಸರಿ ತುಂಬಿಲ್ಲ," ಎನ್ನುತ್ತಿದ್ದರು.

ಸಕ್ಕರೆ ತಿನ್ನಿಸಿ ಕೊಟ್ಟ ಆಯುಷ್ಯ ಎರಡು ಮಳೆಗಾಲಕ್ಕೆ ಮುಗಿಯಿತು. ಮಾವನವರನ್ನು ಮಣ್ಣು ಮಾಡುವಾಗ ಹೆಂಗಸರೂ ಹೋಗಿದ್ದೆವು. ಜೀವಮಾನವೆಲ್ಲ ಕಾಲು ಇಳಿಬಿಟ್ಟು ಕುಳಿತವರನ್ನು ಕಾಲು ಮಡಿಸಿ ಕೂಡಿಸುವುದು ಕಷ್ಟವಾಯಿತು. ಇಬ್ಬರು ಹಿಡಿದು ಒತ್ತಿದರು. ಮೈಂದರ್ಗಿಯ ತಂಗಿ ಈ ಸಲ ಹಾಡಿ ಅಳಲಿಲ್ಲ. ಅವರ ಹಾಡು ಮೊದಲೇ ಮುಗಿದಿತ್ತು.

ಮನೆಗೆ ಬಂದ ಮೇಲೆ ನಮ್ಮವರು ನಿಂತ ಮಗ್ಗಗಳ ನಡುವೆ ಕುಳಿತು ಅಂದರು, "ಒಂದ ಸಲಾ ಬ್ಯಾಡ ಅಂದಿದ್ರ ನಾ ಕುಣಿ ಮುಚ್ಚತಿರಲಿಲ್ಲ. ಎಷ್ಟ ತಡಾ ಆದ್ರೂ ಕಾಯತಿದ್ದೆ. ಅಪ್ಪಾ ತಾನ ಹೂಂ ಅಂದ."

ನಾನು ದೀಪಕ್ಕೆ ಎಣ್ಣೆ ಹಾಕಲು ಎದ್ದು ಹೋದೆ.

ವರ್ಷಗಳು ಹೋದವು. ಆ ಪವರ್‌ಲೂಮುಗಳಿಗೂ ತಕ್ಕಡಿಯಲ್ಲಿ ಕಬ್ಬಿಣದ ತೂಕಕ್ಕೆ ಹೋಗುವ ದಿನ ಬಂತು. ಅವುಗಳ ಜೊತೆ ನಮ್ಮವರ ಕಿವಿಯೂ ಹೋಗಿದೆ. ಅಷ್ಟು ವರ್ಷ ಆ ಗದ್ದಲದಲ್ಲಿ ನಿಂತವರ ಕಿವಿ ಇನ್ನೇನಾದೀತು? ಅರ್ಧ ಸೀರೆಯ ತೊಟ್ಟಿಲಲ್ಲಿ ಬೆಳೆದ ಮಗ ಈಗ ಇದೇ ಮನೆಯಿಂದ ಕುಂಭಾರಿಯ ರಸ್ತೆ ಹಿಡಿದು ಸೊಲ್ಲಾಪುರಕ್ಕೆ ಹೋಗಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾನೆ. ಯಂತ್ರ ಬದಲಾದರೆ ದುಡಿಮೆ ಹೇಗೆ ಬೆಳೆಯುತ್ತದೆ, ಮೂರು ತಲೆಮಾರಿನಲ್ಲಿ ಒಂದು ಮನೆ ಹೇಗೆ ಮೇಲೆ ಬರುತ್ತದೆ, ಇದು ಅವನ ಪಾಠ. ಒಂದು ದಿನ ಊಟ ಮಾಡುತ್ತ ಅಂದ, "ಅವ್ವಾ, ನಾ ಕ್ಲಾಸಿನ್ಯಾಗ ನಮ್ಮನಿ ಉದಾಹರಣಿನ ಕೊಡತೀನಿ. ಮುತ್ಯಾ ತನ್ನ ಕುಣಿ ತಾನ ಖುಷೀಲೆ ಬಿಟ್ಟಕೊಟ್ಟ ಅಂತ ಹೇಳತೀನಿ."

ನನ್ನ ಸುಳ್ಳು ಪಾಠವಾಗಿತ್ತು. ಅವನು ಕಾಲೇಜಿಗೆ ಹೋದ ಮೇಲೆ ನಾನು ನಮ್ಮವರ ಹತ್ತಿರ ಹೋದೆ. ಅವರು ಪಡಸಾಲೆಯಲ್ಲಿ, ಬಿರುಕಿನ ಆ ಕಡೆ, ಪೇಪರು ಹಿಡಿದು ಕುಳಿತಿದ್ದರು. ಕಿವಿಯ ಹತ್ತಿರ ಬಗ್ಗಿದೆ.

"ಆವತ್ತ ಮಾವಾರು ಹೂಂ ಅಂದಿರಲಿಲ್ರಿ. ಎಂಟ ದಿನಾ ಕೇಳಿದ್ರು. ನಾ ಸುಳ್ಳ ಹೇಳಿದೆ."

ಅವರು ಕಿವಿಗೆ ಅಂಗೈ ಹಚ್ಚಿ ನನ್ನ ಮುಖ ನೋಡಿದರು. "ಏನಂದಿ? ಜೋರಾಗಿ ಹೇಳು."

ಅಡುಗೆಮನೆಯಲ್ಲಿ ಸೊಸೆ ಇದ್ದಳು. ಬಾಗಿಲು ತೆರೆದಿತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು. ತುಂಬಿದ ಬಜಾರಿನಲ್ಲಿ ಸುಳ್ಳನ್ನು ಎರಡೆರಡು ಸಲ ಕೂಗಿದ ಗಂಟಲು ಇದು. ಖರೆಯನ್ನು ಇನ್ನೊಂದು ಸಲ ಹೇಳಲು ಏಳಲಿಲ್ಲ.

"ಚಾ ಮಾಡ್ಲೇನ್ರೀ ಅಂದೆ!" ಎಂದು ಕೂಗಿದೆ.

"ಹೂಂ," ಅಂದರು.